ನೀರು ಬಿಡುವ ಯತ್ತಪ್ಪನ ಹೆಬ್ಬೆಟ್ಟು

ಯಾವ ಪುರಸಭೆ ಅಂತ ಮಾತ್ರ ಕೇಳಬೇಡಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇವುಗಳಲ್ಲಿ ಯಾವ ಹೆಸರು ಹೇಳಿದರೂ ಆ ಊರಿನವರು ತೋಳೇರಿಸಿಕೊಂಡು ಜಗಳಕ್ಕೆ ಬರುತ್ತಾರೆ. ಆ ಕಡೆಯ ಒಂದು ಊರು ಅಂದುಕೊಳ್ಳಿ, ಅಷ್ಟು ಸಾಕು. ಆ ಊರಿಗೆ ಮೂವತ್ತು ವರ್ಷ ನೀರು ಬಿಟ್ಟವನು ಯತ್ತಪ್ಪ.

ನೀರು ಬಿಡುವುದೆಂದರೆ ಮನೆಯ ನಲ್ಲಿ ತಿರುಗಿಸಿದಷ್ಟು ಸಸಾರವಲ್ಲ. ಬೀದಿಯ ತಿರುವಿನಲ್ಲಿ ಚಪ್ಪಡಿ ಮುಚ್ಚಿದ ಗುಂಡಿ, ಗುಂಡಿಯೊಳಗೆ ವಾಲ್ವು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಅದರ ತಲೆಗೆ ಕೂರಿಸಿ, ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗಾಣದೆತ್ತಿನ ಹಾಗೆ ಸುತ್ತಬೇಕು. ಪೇಟೆ ಬೀದಿಗೆ ಹದಿನೆಂಟು ಸುತ್ತು. ಮಸೀದಿ ಬೀದಿಗೆ ಹನ್ನೊಂದೂವರೆ. ಮೇಲಿನ ಕೇರಿಗೆ ಇಪ್ಪತ್ತಾರು, ಅದರಲ್ಲಿ ಕೊನೆಯ ಎರಡು ಪ್ರಾಣ ಹಿಂಡುತ್ತವೆ. ಬೆಳಿಗ್ಗೆ ಬಿಡುವುದು, ಕಟ್ಟುವುದು, ಸಂಜೆ ಮತ್ತೆ ಬಿಡುವುದು, ಕಟ್ಟುವುದು. ಈ ಲೆಕ್ಕ ಎಲ್ಲೂ ಬರೆದಿರಲಿಲ್ಲ, ಯತ್ತಪ್ಪನ ಮೈಯೊಳಗಿತ್ತು. ಓದುಬರಹವಂತೂ ಅವನಿಗೆ ಸೊನ್ನೆ.

ಐಮಂಗಲದ ಆಚೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುವವರ ಮನೆಯ ಹುಡುಗ ಅವನು. ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ ಕುರಿಗಳಿಗೆ ಬಾಯಿರೋಗ ಬಂದು ಅರ್ಧ ಮಂದೆ ಹೋಯಿತು. ಉಳಿದದ್ದನ್ನು ಅಣ್ಣಂದಿರಿಗೆ ಬಿಟ್ಟು, ಅವ್ವ ಕೊಟ್ಟ ಕರಿಯ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು, ಹೊಸ ಹೆಂಡತಿ ನಾಗಕ್ಕನನ್ನು ಜೊತೆಗೆ ಕರೆದುಕೊಂಡು ಪೇಟೆಗೆ ಬಂದ. ಪುರಸಭೆಯವರು ಕೀಲಿ ಕೊಟ್ಟರು. ಅಲ್ಲಿಗೆ ಅವನ ಊರೂರು ಅಲೆಯುವ ಬಾಳು ಮುಗಿಯಿತು.

ಹಟ್ಟಿಯಿಂದ ಕಂಬಳಿಯ ಜೊತೆ ಇನ್ನೊಂದನ್ನೂ ತಂದಿದ್ದ, ಮಾತಿನ ಹಟ. ಬರ್ತೀನಿ ಅಂದರೆ ಬರಲೇಬೇಕು, ಒಲ್ಲೆ ಅಂದರೆ ತಲೆ ಹೋದರೂ ಒಲ್ಲೆ. ಅಯ್ಯೋ, ಇಂಥವನನ್ನು ಕಟ್ಟಿಕೊಂಡು ಏಗುವುದೆಂದರೆ! ನಾಗಕ್ಕ ಏಗಿದಳು, ನಕ್ಕುಕೊಂಡೇ ಏಗಿದಳು. ಕಡಲೆಕಾಯಿ ಬಿಡಿಸಲು ಕೂತಾಗ ಸಿಪ್ಪೆ ಅವನ ಬೆರಳಿನಿಂದ ಜಾರಿ ಜಾರಿ ಹಾರುತ್ತಿತ್ತು. ಆಗೆಲ್ಲ ಅವಳು, "ನಿನ್ ಹೆಬ್ಬೆಟ್ಟು ಸವೆದ ಬೀಸೋಕಲ್ಲಿನಂಗೆ ನುಣ್ಣಗಾಗೈತೆ. ಅತ್ಲಾಗಿಡು, ನಾನು ಬಿಡಿಸ್ತೀನಿ" ಎಂದು ಮೊರ ಕಿತ್ತುಕೊಳ್ಳುತ್ತಿದ್ದಳು.

ಆ ಹೆಬ್ಬೆಟ್ಟಿಗೆ ದಿನಾ ಒಂದು ಕೆಲಸವಿತ್ತು. ಬೆಳಗಿನ ಐದೂವರೆಗೆ ಕಚೇರಿಯ ಜಗುಲಿಯ ಮೇಲೆ ಜವಾನ ಹಾಜರಿ ಪುಸ್ತಕ ಬಿಚ್ಚಿಡುತ್ತಿದ್ದ, ಪಕ್ಕದಲ್ಲಿ ಮಸಿಯ ಡಬ್ಬಿ. ಸಹಿ ಬಾರದವರು ಸಾಲಾಗಿ ಬಂದು ಎಡಗೈ ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಹೋಗಬೇಕು. ಮಸಿ ಬಿತ್ತೋ, ಮುಂದೆ ನಡಿ. ಹೇಗೆ ಬಿತ್ತು ಅಂತ ಬಗ್ಗಿ ನೋಡಿದವರು ಮೂವತ್ತು ವರ್ಷದಲ್ಲಿ ಒಬ್ಬರೂ ಇಲ್ಲ.

ಎಪ್ಪತ್ತನಾಲ್ಕನೇ ಇಸವಿಯ ಆಗಸ್ಟಿನಲ್ಲಿ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಸಂಘದ ಕಾರ್ಯದರ್ಶಿ ಗೋವಿಂದಯ್ಯ ಪಂಪ್‌ಹೌಸಿನ ಬೇವಿನ ಮರದಡಿ ಎಲ್ಲರನ್ನೂ ಕೂರಿಸಿ ಅದನ್ನು ಓದಿದ. ಗೋವಿಂದಯ್ಯ ಮನೆಗಂದಾಯ ವಸೂಲಿ ಮಾಡುವ ಬಿಲ್ ಕಲೆಕ್ಟರು, ಗಂಟಲು ದೊಡ್ಡದು, ಮನಸ್ಸು ಒಳ್ಳೆಯದು. ಆದರೆ ಸುತ್ತೋಲೆಯ ಕನ್ನಡ ಯಾವ ದೇಶದ್ದೋ! "ಉಲ್ಲೇಖಿತ ಠರಾವಿನನ್ವಯ ನಿವೃತ್ತಿ ಸೌಲಭ್ಯಗಳನ್ನು ಪುನರ್ನಿಗದಿಪಡಿಸಲು ನೌಕರರ ಸಮ್ಮತಿಯನ್ನು ಕೋರಲಾಗಿದೆ" ಎಂದು ಓದಿ ಅವನೇ ಬೆವರು ಒರೆಸಿಕೊಂಡ. ಕೇಳಿದವರು ಕಣ್ಣು ಕಣ್ಣು ಬಿಟ್ಟರು.

"ಕೋರ್ಯಾರೆ ಅಂದ್ರೆ ಕೊಡ್ತಾರೆ ಅಂತಾನಾ?" ಎಂದ ಯತ್ತಪ್ಪ.

"ಕೊಡೋದಲ್ಲಪ್ಪ, ಕಿತ್ಕಳೋದು" ಎಂದ ಗೋವಿಂದಯ್ಯ. "ಬರೋ ಏಪ್ರಿಲ್‌ನಿಂದ ರಿಟೈರಾದೋರಿಗೆ ತಿಂಗಳ ಪಿಂಚಣಿ ಇಲ್ಲ. ಒಂದ್ಸಲ ಒಂದಿಷ್ಟು ಕೈಗೆ ಹಾಕಿ ಕೈ ತೊಳ್ಕಂತಾರೆ. ಆಮೇಲೆ ಔಷಧಿ ಚೀಟಿನೂ ಇಲ್ಲ. ಈಗಾಗ್ಲೇ ಕೆಲಸದಾಗಿರೋರು ಒಪ್ಪಿದ್ರೆ ಮಾತ್ರ ಇದು ನಡೀತೈತೆ. ಅದಕ್ಕೇ ಒಪ್ಪಿಗೆ ಕೇಳ್ಯಾರೆ."

ಔಷಧಿ ಚೀಟಿ ಅಂದದ್ದೇ ಯತ್ತಪ್ಪ ಕೂತಲ್ಲಿಂದ ಎದ್ದು ನಿಂತ. ಪುರಸಭೆಯ ಚೀಟಿ ತೋರಿಸಿದರೆ ನೌಕರರಿಗೂ ನಿವೃತ್ತರಿಗೂ ಅವರ ಹೆಂಡಿರಿಗೂ ಔಷಧಿ ಪುಕ್ಕಟೆ. ನಾಗಕ್ಕನಿಗೆ ಏಳು ವರ್ಷದಿಂದ ದಮ್ಮು. ಉಸಿರು ಕಟ್ಟಿದಾಗ ಸೂಜಿಮದ್ದು ಬೀಳಲೇಬೇಕು, ಇಲ್ಲದಿದ್ದರೆ ಮೀನಿನ ಹಾಗೆ ಬಾಯಿ ಬಿಡುತ್ತಾಳೆ. ಯತ್ತಪ್ಪನಿಗೆ ಮುಂದಿನ ಏಪ್ರಿಲ್‌ನಲ್ಲೇ ಐವತ್ತೈದು ತುಂಬಿ ನಿವೃತ್ತಿ. ಚೀಟಿ ನಿಂತರೆ ನಾಗಕ್ಕನ ಉಸಿರು ನಿಂತ ಹಾಗೇ.

"ಹಂಗಾರೆ ಕೆಲಸ ನಿಲ್ಸಾಣ!" ಎಂದ ಯಾರೋ.

ಮಹಮ್ಮದ್ ಗೌಸ್ ತಲೆಯಾಡಿಸಿದ. ಪೈಪು ಜೋಡಿಸುವ ಫಿಟ್ಟರು ಅವನು, ಯತ್ತಪ್ಪನಿಗೆ ಮೂವತ್ತು ವರ್ಷದ ಜೊತೆಗಾರ. "ತೋಬಾ ತೋಬಾ! ನನ್ನ ಭಾಮೈದ ಚಿಕ್ಕಜಾಜೂರಾಗೆ ರೈಲ್ವೆಯೋನು. ಮೇ ತಿಂಗಳಾಗೆ ಮುಷ್ಕರ ಮಾಡಿ ಇನ್ನೂ ಮನೇಲಿ ಕುಂತವ್ನೆ. ಅಷ್ಟು ದೊಡ್ಡ ರೈಲಿಗೇ ಹಿಂಗಾದ್ರೆ ನಮ್ಮ ಕಸದ ಗಾಡಿ ಯಾವ ಲೆಕ್ಕ?"

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಕೆಲಸ ಮಾಡುವುದು, ಆದರೆ ಒಪ್ಪಿಗೆ ಪತ್ರಕ್ಕೆ ಯಾರೂ ಹೆಬ್ಬೆಟ್ಟು ಕೊಡುವುದಿಲ್ಲ. ಅಷ್ಟಕ್ಕೇ ಎದ್ದು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯತ್ತಪ್ಪನಿಗೆ ಬಾಯಿಮಾತು ಸಾಲದು. "ಬಾಯಾಗೆ ಹೇಳಿ ಸಂಜೀಗೆ ಮರೀತೀರಿ. ಕಂಬಳಿ ಹಾಸ್ತೀನಿ, ಮುಟ್ಟಿ ಹೇಳ್ರಿ" ಎಂದು ಗೌಸನ ಸೈಕಲ್ ಕೊಟ್ಟು ಒಬ್ಬನನ್ನು ಮನೆಗೆ ಅಟ್ಟಿದ. ಸ್ವಲ್ಪ ಹೊತ್ತಿಗೆ ನಾಗಕ್ಕನೇ ಕಂಬಳಿ ತಂದಳು.

ಅವನ ಹಟ್ಟಿಯಲ್ಲಿ ಒಂದು ಕಟ್ಟಳೆ. ಕರಿಯ ಕಂಬಳಿ ಹಾಸಿ ಅದರ ಮೇಲೆ ಅಂಗೈ ಊರಿ ಆಡಿದ ಮಾತು ಕಲ್ಲಿನಲ್ಲಿ ಕೊರೆದಂತೆ. ಮುಟ್ಟಿದವರು ಯಾರೇ ಮಾತು ತಪ್ಪಲಿ, ಕೇಡು ಹಾಸಿದವನ ಮನೆಗೆ. ಹಾಸುವವನೇ ಎಲ್ಲರಿಗೂ ಹೊಣೆ. ಇಷ್ಟು ಗೊತ್ತಿದ್ದೂ ಯತ್ತಪ್ಪ ಹಾಸಿದ, ಮೊದಲು ತಾನೇ ಅಂಗೈ ಊರಿದ. ಆವೇಶ ನೋಡಿ! "ಪುರಸಭೆಯ ಒಪ್ಪಿಗೆ ಪತ್ರಕ್ಕೆ" ಅನ್ನಬೇಕಾದವನು ಗಂಟಲು ಹರಿಯುವಂತೆ, "ಪುರಸಭೆಯ ಯಾವ ಕಾಗದಕ್ಕೂ ನಾನು ಹೆಬ್ಬೆಟ್ಟು ಒತ್ತಲ್ಲ!" ಎಂದುಬಿಟ್ಟ. ಉಳಿದ ಇಪ್ಪತ್ತೊಂದು ಮಂದಿಯೂ ಅದನ್ನೇ ಗೊಣಗಿದರು. ಕೊನೆಗೆ ನಾಗಕ್ಕನೂ ಬಗ್ಗಿ ಕೈಯೂರಿ, "ನಮ್ಮನೇ ಹೆಬ್ಬೆಟ್ಟು ಒತ್ತಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಜಗುಲಿಗೆ ಬಂದ ಯತ್ತಪ್ಪ ಬಾಯಿ ಬಿಟ್ಟು ನಿಂತ. ಎಲ್ಲರೂ ಸಾಲಾಗಿ ಹಾಜರಿಗೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ!

"ಲೇ ಗೌಸು, ಇದೂ ಪುರಸಭೆ ಕಾಗದಾನೇ ಅಲ್ವೇನೋ?"

"ಅರೇ, ಇದು ಹಾಜರಿ ಪುಸ್ತಕ ಕಣಯ್ಯಾ!"

"ಪುಸ್ತಕ ಇನ್ನೇನು ತಗಡಿಂದಾ?"

ಗೌಸ್ ನಕ್ಕ. ಜವಾನ ನಕ್ಕ. ಯತ್ತಪ್ಪನಿಗೆ ನಗುವಂಥದ್ದೇನಿದೆ ಅಂತ ತಿಳಿಯಲಿಲ್ಲ. ನಿನ್ನೆ ಸಂಜೆ ತಾನು ಆಡಿದ್ದು ಇದನ್ನೇ ಅಲ್ಲವೆ? ಇಲ್ಲಾ ಬೇರೆ ಏನನ್ನಾದರೂ ಆಡಿದೆನೋ? ಒತ್ತಲಿಲ್ಲ. ಜವಾನ ಅವನ ಹೆಸರಿನ ಮುಂದೆ 'ಗೈರು' ಅಂತ ಬರೆದ. ಗೈರಾದ ಯತ್ತಪ್ಪ ಕೀಲಿ ಹೊತ್ತು ಹೋಗಿ ಪೇಟೆ ಬೀದಿಗೆ ಹದಿನೆಂಟು ಸುತ್ತು ಸುತ್ತಿದ, ಮಸೀದಿ ಬೀದಿಗೆ ಹನ್ನೊಂದೂವರೆ. ಹೀಗೆ ಹದಿನೆಂಟು ದಿನ ಅವನು ಪುಸ್ತಕದಲ್ಲಿ ಗೈರು, ಬೀದಿಯಲ್ಲಿ ಹಾಜರು. ಊರಿನ ಒಂದು ಕೊಡವೂ ಬರಿದಾಗಲಿಲ್ಲ.

ಈ ನಡುವೆಯೇ ಎರಡನೇ ಸುತ್ತೋಲೆ ಬಂತು. ಅದು ಮೊದಲನೆಯದಕ್ಕಿಂತ ಖದೀಮ. ಯಾರೂ ಒಪ್ಪಿಗೆ ಕೊಡಲಿಲ್ಲವಾದ್ದರಿಂದ, ಆಗಸ್ಟ್ ಮೂವತ್ತರ ಶುಕ್ರವಾರ ಸಂಜೆ ಐದರೊಳಗೆ ಬೇಡ ಅಂತ ಬರೆದುಕೊಡದವರೆಲ್ಲ ಒಪ್ಪಿದ್ದಾರೆ ಎಂದೇ ತಿಳಿಯಲಾಗುವುದು! ಗೋವಿಂದಯ್ಯ ಚಿತ್ರದುರ್ಗಕ್ಕೆ ಓಡಿ ಒಬ್ಬ ವಕೀಲರನ್ನು ಹಿಡಿದು ಆಕ್ಷೇಪಣೆ ಅರ್ಜಿ ಬರೆಸಿಕೊಂಡು ಬಂದ. ಎಲ್ಲರೂ ಕಚೇರಿಯ ಮ್ಯಾನೇಜರ್ ಎದುರಿಗೆ ಅದಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕು. ಮಂಗಳವಾರ ಇಪ್ಪತ್ತೊಂದು ಮಂದಿಯೂ ಹಾಕಿ ಬಂದರು.

"ಬಾರಪ್ಪ ಯತ್ತಪ್ಪ, ನಿಂದೊಂದೇ ಬಾಕಿ" ಎಂದ ಗೋವಿಂದಯ್ಯ.

"ಮೊನ್ನೆ ಒತ್ತಬ್ಯಾಡ ಅಂದ್ರಿ. ಇವತ್ತು ಒತ್ತು ಅಂತೀರಿ."

"ಅದು ಒಪ್ಪಿಗೆ ಕಾಗದ. ಇದು ಒಪ್ಪಲ್ಲ ಅನ್ನೋ ಕಾಗದ."

"ನೋಡೋಕೆ ಎರಡೂ ಒಂದೇ ಥರ ಅವೆ."

"ಅಯ್ಯೋ ಶಿವನೇ! ನೀನು ಸುಮ್ನಿದ್ರೆ ಒಪ್ಪಿದಂಗೆ ಲೆಕ್ಕ ಕಣಯ್ಯಾ!"

"ಸುಮ್ನಿದ್ದೋನು ಹೆಂಗೆ ಒಪ್ಪಿದಂಗಾಯ್ತು? ಮೂವತ್ತು ವರ್ಷ ಸುಮ್ನೇ ಇದ್ದೆ, ಯಾರೂ ಏನೂ ಕೊಡ್ಲಿಲ್ವಲ್ಲ" ಎಂದ ಯತ್ತಪ್ಪ. ಗೋವಿಂದಯ್ಯ ಅರ್ಜಿ ಮಡಚಿ ಜೇಬಿಗಿಟ್ಟ. ಇದಕ್ಕೆ ಉತ್ತರ ವಕೀಲರಿಗೆ ಗೊತ್ತಿತ್ತೇನೋ, ಅವರು ಚಿತ್ರದುರ್ಗದಲ್ಲಿದ್ದರು.

ಯತ್ತಪ್ಪನನ್ನು ಮೊಂಡ ಅನ್ನುವುದು ಸುಲಭ. ಅವನ ಒಳಗೆ ಏನು ನಡೆದಿತ್ತು ಅಂತ ನೋಡಿದವರು ಹಾಗನ್ನಲಾರರು. ತಾನು ಹಾಸಿದ ಕಂಬಳಿ ಮುಟ್ಟಿ ಇಪ್ಪತ್ತೊಂದು ಮಂದಿ ಮಾತು ತಪ್ಪಿದರು. ಕೇಡು ಹಾಸಿದವನ ಮನೆಗೆ. ಬುಧವಾರ ಬೆಳಿಗ್ಗೆ ನೀರು ಬಿಟ್ಟು ಮನೆಗೆ ಬಂದರೆ ನಾಗಕ್ಕ ಗೋಡೆಗೆ ಬೆನ್ನು ಕೊಟ್ಟು ಉಸಿರಿಗಾಗಿ ಎಳೆದಾಡುತ್ತಿದ್ದಾಳೆ. ತುಟಿ ನೀಲಿಯಾಗಿದೆ. ಗೌಸ್ ಜಟಕಾ ತಂದ, ಇಬ್ಬರೂ ಎತ್ತಿ ಆಸ್ಪತ್ರೆಗೆ ಸೇರಿಸಿದರು. ಚೀಟಿ ತೋರಿಸಿದ ಮೇಲೆ ಸೂಜಿ ಬಿತ್ತು, ಉಸಿರು ಸ್ವಲ್ಪ ತಹಬಂದಿಗೆ ಬಂತು. ಯತ್ತಪ್ಪ ಮಂಚದ ಪಕ್ಕ ಕೂತ. ಒತ್ತಿದರೆ ತನ್ನ ಮಾತೂ ಮುರಿದು ಕೇಡು ಇಮ್ಮಡಿ. ಒತ್ತದಿದ್ದರೆ ಚೀಟಿ ನಿಂತು ಇದೇ ಹೆಂಗಸು ಇದೇ ಉಸಿರಿಲ್ಲದೆ ಹೋಗುತ್ತಾಳೆ. ಎತ್ತ ತಿರುಗಿದರೂ ನಾಗಕ್ಕನ ನೀಲಿ ತುಟಿಯೇ. ಹೆದರಿದ, ನಿಜವಾಗಿ ಹೆದರಿದ.

ಗುರುವಾರ ಬೆಳಗಿನ ನೀರು ಕಟ್ಟಿ, ಗೌಸನ ಹೆಂಡತಿಯನ್ನು ನಾಗಕ್ಕನ ಹತ್ತಿರ ಕೂರಿಸಿ, ಹೆದ್ದಾರಿಯ ಬಸ್ಸು ಹತ್ತಿ ಐಮಂಗಲಕ್ಕೆ ಹೋದ. ಅಲ್ಲಿಂದ ನಡೆದು ಹಟ್ಟಿ ಸೇರಿದ. ಹಟ್ಟಿಯ ಹಿರಿಯ ಯತ್ತಪ್ಪನ ಚಿಕ್ಕಪ್ಪನೇ, ಹೆಸರು ದೊಡ್ಡಪ್ಪ. ಎಂಬತ್ತರ ಮುದುಕ ಹೊರಸಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಎಲ್ಲ ಕೇಳಿದ. ಎರಡು ಸಲ ಕೇಳಿದ.

"ಯಾವ ಕಾಗದಕ್ಕೂ ಅಂತ ಯಾಕಂದೀಯ?"

"ಬಾಯಿಗೆ ಬಂತು."

"ಪೇಟೆಗೋದ್ರೂ ನಿನ್ ಬಾಯಿ ಹಟ್ಟೀದೇ ಆಗೈತೆ" ಎಂದು ಮುದುಕ ಕದಿರು ಕೆಳಗಿಟ್ಟ. "ಕೇಳು. ಹಾಸಿದೋನು ತಾನೇ ಮಡಚಬೌದು. ಆದ್ರೆ ಮುಟ್ಟಿದೋರೆಲ್ಲ ಮತ್ತೆ ಅದೇ ಕಂಬಳಿ ಮುಟ್ಟಿ, ಕೈ ಎತ್ತಿ, ಬಿಟ್ಟೆ ಅನ್ನಬೇಕು. ಒಬ್ಬರು ಉಳಿದ್ರೂ ಮಡಚಂಗಿಲ್ಲ. ಹೋಗು."

ಸಂಜೆಯ ನೀರಿನ ಹೊತ್ತಿಗೆ ಯತ್ತಪ್ಪ ಪೇಟೆಗೆ ಮರಳಿದ. ಶುಕ್ರವಾರ ಊರಿನವರು ಒಂದು ವಿಚಿತ್ರ ನೋಡಿದರು. ಮೇಲಿನ ಕೇರಿಗೆ ನೀರು ಕಟ್ಟಿದ ಯತ್ತಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದಾನೆ. ಚರಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ ಜುಂಜಯ್ಯ ಕೈ ಒರೆಸಿ ಕಂಬಳಿ ಮುಟ್ಟಿ, "ಬಿಟ್ಟೆ ಮಾರಾಯ, ಅವತ್ತೇ ಬಿಟ್ಟಿದ್ದೆ" ಎಂದ. ಕಸದ ಗಾಡಿಯವರು ಗಾಡಿ ನಿಲ್ಲಿಸಿ, ಬಿಟ್ಟೆವು ಅಂದರು. ದೀಪದ ಕಂಬ ಹತ್ತಿದ್ದವನು ಇಳಿಯಲಾರೆ ಅಂದದ್ದಕ್ಕೆ ಕಂಬಳಿಯನ್ನೇ ಹಗ್ಗದಲ್ಲಿ ಮೇಲಕ್ಕೆ ಕಳಿಸಬೇಕಾಯಿತು. ಗೌಸ್ ಪಾನಾ ಹಿಡಿದ ಕೈಯನ್ನೇ ಊರಿ, "ಬಿಟ್ಟೆ. ಇನ್ನಾದ್ರೂ ಒತ್ತೋ, ನನ್ನಪ್ಪ!" ಎಂದ. ಗೋವಿಂದಯ್ಯನಂತೂ ಎರಡು ಸಲ ಬಿಟ್ಟ. ಮೂರೂವರೆಯ ಹೊತ್ತಿಗೆ ಇಪ್ಪತ್ತೊಂದೂ ಆದವು. ಉಳಿದವಳು ನಾಗಕ್ಕ ಒಬ್ಬಳೇ. ಅವಳದೇನು, ಅವಳಿಗಾಗಿಯೇ ಅಲ್ಲವೆ ಇಷ್ಟೆಲ್ಲ ಅಂದುಕೊಂಡು ಆಸ್ಪತ್ರೆಗೆ ಹೋದ.

ನಾಗಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕಂಬಳಿ ನೋಡಿದಳು, ವಿಷಯ ಕೇಳಿದಳು, ಮುಖ ತಿರುಗಿಸಿದಳು.

"ನಾನು ಬಿಡಲ್ಲ."

ಯತ್ತಪ್ಪ ತಬ್ಬಿಬ್ಬಾದ. "ಬಿಡಲ್ಲ ಅಂದ್ರೆ?"

"ಬಿಡಲ್ಲ ಅಂದ್ರೆ ಬಿಡಲ್ಲ. ನಮ್ಮಪ್ಪನ ಕಥೆ ಮರೆತ್ಯಾ?"

ಅವನು ಮರೆತಿರಲಿಲ್ಲ. ನಾಗಕ್ಕನ ಅಪ್ಪನಿಗೆ ರಸ್ತೆ ಪಕ್ಕದಲ್ಲಿ ಕುರಿರೊಪ್ಪದ ಜಾಗವಿತ್ತು. ಪೇಟೆಯ ಯಾವನೋ ಒಬ್ಬ ಕಾಗದ ತಂದು, ಜಾಗ ನಿನ್ನ ಹೆಸರಿಗೇ ಗಟ್ಟಿಯಾಗುತ್ತದೆ, ಒತ್ತು ಅಂದ. ಒತ್ತಿದ. ಆರು ತಿಂಗಳಿಗೆ ಅಲ್ಲಿ ಆ ಪೇಟೆಯವನ ಲಾರಿಗಳು ನಿಂತವು. ಮುದುಕ ಆಮೇಲೆ ಆ ಬೆರಳನ್ನು ಕಲ್ಲಿಗೆ ಉಜ್ಜುತ್ತಾ ಕೂರುತ್ತಿದ್ದ. ಅದನ್ನು ನೋಡಿಕೊಂಡು ಬೆಳೆದವಳು ನಾಗಕ್ಕ.

"ಇದು ಹಂಗಲ್ವಂತೆ..." ಎಂದ ಯತ್ತಪ್ಪ.

"ಅಂತೆ! ನನ್ನ ಮುಖ ನೋಡಿ ಹೇಳು. ಈ ಕಾಗದ ಕೊಡೋದಾ, ಕಿತ್ಕಳೋದಾ?"

ಹೊರಗೆ ನಾಲ್ಕರ ಗಂಟೆ ಹೊಡೆಯಿತು. ಕೊಡುವುದು ಅಂದುಬಿಟ್ಟರೆ ಕೆಲಸವಾಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಅನ್ನುತ್ತಿದ್ದರು. ಯತ್ತಪ್ಪ ತಲೆ ಕೆರೆದುಕೊಂಡ. ಎರಡು ಸುತ್ತೋಲೆ, ಒಂದು ಅರ್ಜಿ, ಗೋವಿಂದಯ್ಯನ ಗಂಟಲು, ಚಿಕ್ಕಪ್ಪನ ಕದಿರು, ಎಲ್ಲವೂ ತಲೆಯಲ್ಲಿ ಒಂದಕ್ಕೊಂದು ಸುತ್ತಿಕೊಂಡವು.

"ನಂಗೊತ್ತಿಲ್ಲ ನಾಗಿ" ಎಂದ. "ಎಷ್ಟು ಕೇಳಿದ್ರೂ ತಲೆಗೆ ಹೋಗ್ತಿಲ್ಲ. ನಿನ್ ಉಸಿರು ನಿಲ್ಲಬಾರ್ದು, ಅಷ್ಟೇ ನಂಗೊತ್ತಿರೋದು." ಹಾಗೆಂದವನ ಕಣ್ಣಲ್ಲಿ ನೀರು ಬಂತು. ಐವತ್ನಾಲ್ಕು ವರ್ಷದ ಗಂಡಸು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನಿಂತು ಅತ್ತ.

ನಾಗಕ್ಕ ದಿಂಬು ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ಕಂಬಳಿಯ ಅಂಚನ್ನು ಎಳೆದುಕೊಂಡು ಅಂಗೈ ಊರಿ ಎತ್ತಿದಳು. "ಬಿಟ್ಟೆ. ಗೊತ್ತೈತೆ ಅಂದಿದ್ರೆ ಬಿಡ್ತಿರ್ಲಿಲ್ಲ. ನಮ್ಮಪ್ಪ ಎಲ್ಲಾ ಗೊತ್ತೈತೆ ಅಂತ್ಲೇ ಒತ್ತಿದ್ದ. ಹೋಗು, ಬೇಗ ಹೋಗು."

ಯತ್ತಪ್ಪ ತಾನೂ ಮುಟ್ಟಿ ಬಿಟ್ಟೆ ಅಂದು ಕಂಬಳಿ ಮಡಚಿದ. ಐದಕ್ಕೆ ಹದಿನೈದು ನಿಮಿಷವಿರುವಾಗ ಅವನು ಮ್ಯಾನೇಜರ್ ಶಿವಕುಮಾರಪ್ಪನವರ ಮೇಜಿನ ಮುಂದಿದ್ದ. ಮೂಗಿನ ತುದಿಗೆ ಕನ್ನಡಕ, ಅದಕ್ಕಿಂತ ತುದಿಯಲ್ಲಿ ಸಿಟ್ಟು, ಹಾಗಿದ್ದರು ಅವರು. ಠರಾವಿನ ಏಟು ಅವರಿಗೂ ಬೀಳುವುದೇ ಇತ್ತು, ಆದರೆ ಮ್ಯಾನೇಜರಾದವರು ಜವಾನರ ಅರ್ಜಿಗೆ ಸಹಿ ಹಾಕುವುದು ಹೇಗೆ? ಅದೂ ಸೇರಿ ಸಿಟ್ಟು ಹೆಚ್ಚಿತ್ತು. ಗೋವಿಂದಯ್ಯ ಅರ್ಜಿ ಬಿಚ್ಚಿ ಖಾಲಿ ಜಾಗ ತೋರಿಸಿದ. ಯತ್ತಪ್ಪ ಮಸಿಗೆ ಬೆರಳು ಅದ್ದಿ, ಕಣ್ಣು ಮುಚ್ಚಿ, ಇಡೀ ಮೈಭಾರ ಹಾಕಿ ಒತ್ತಿದ.

ಶಿವಕುಮಾರಪ್ಪ ಬಗ್ಗಿ ನೋಡಿದರು. ಮೂವತ್ತು ವರ್ಷದಲ್ಲಿ ಅದನ್ನು ಬಗ್ಗಿ ನೋಡಿದ ಮೊದಲ ಮನುಷ್ಯ ಅವರೇ.

"ಇದೇನಯ್ಯಾ ಇದು? ಇದು ಹೆಬ್ಬೆಟ್ಟಲ್ಲ, ಬರೀ ಮಸಿ."

ನಿಜವಾಗಿಯೂ ಬರೀ ಮಸಿ. ಒಂದು ಗೆರೆಯಿಲ್ಲ, ಸುಳಿಯಿಲ್ಲ, ದುಂಡನೆಯ ಕರಿ ಕಲೆ. ಇನ್ನೊಮ್ಮೆ ಒತ್ತಿಸಿದರು, ಮತ್ತೆ ಕಲೆ. ಬಲಗೈ ಒತ್ತಿಸಿದರು, ಅದೂ ಕಲೆ. ಮೂವತ್ತು ವರ್ಷ ಕಬ್ಬಿಣದ ಹಿಡಿಗೆ ಉಜ್ಜಿದ ಕೈ ಅದು, ಇನ್ನೇನು ಉಳಿದೀತು?

"ಗುರುತಿಲ್ಲದ್ದನ್ನ ನಾನು ಹೆಂಗೆ ತಗೊಳ್ಲಿ? ನಾಳೆ ಬೇರೆ ಯಾರೋ ಒತ್ತಿದಾರೆ ಅಂತಾರೆ. ಮೇಲಾಗಿ ಈ ಮನುಷ್ಯ ಹದಿನೆಂಟು ದಿನದಿಂದ ಗೈರು."

"ಗೈರಲ್ಲ ಸಾರ್! ಗುರುತೂ ಇತ್ತು, ತೋರಿಸ್ತೀನಿ!" ಎಂದು ಗೋವಿಂದಯ್ಯ ಕೂಗಿ, ದಾಖಲೆ ಕೋಣೆಗೆ ಓಡಿದ. ಧೂಳು ಬಡಿಯುತ್ತಾ ತೋಳು ತುಂಬ ಹಾಜರಿ ಪುಸ್ತಕ ತಂದು ಮೇಜಿನ ಮೇಲೆ ಸುರಿದ. ನಲವತ್ನಾಲ್ಕನೇ ಇಸವಿಯದು ತೆರೆದರೆ ಯತ್ತಪ್ಪನ ಹೆಸರಿನ ಮುಂದೆ ಅಚ್ಚುಕಟ್ಟಾದ ಹೆಬ್ಬೆಟ್ಟು, ಬಾವಿಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ ಸುತ್ತಿನೊಳಗೆ ಸುತ್ತು. ಐವತ್ತೈದರದ್ದರಲ್ಲಿ ನಡುವಿನ ಸುತ್ತುಗಳಿಲ್ಲ. ಅರವತ್ತೈದರಲ್ಲಿ ಅಂಚಿನಲ್ಲಿ ನಾಲ್ಕು ಗೆರೆ. ಈ ವರ್ಷದ್ದರಲ್ಲಿ, ಆ ಹದಿನೆಂಟು ದಿನಕ್ಕೆ ಮುಂಚೆ, ಬರೀ ಕಲೆ.

ಶಿವಕುಮಾರಪ್ಪ ಹಾಳೆ ಹಿಂದೆ ಮುಂದೆ ಮಾಡಿದರು. ದನಿ ಇಳಿದಿತ್ತು. ನಲವತ್ನಾಲ್ಕರ ಪುಟವನ್ನು ಅವನತ್ತ ತಿರುಗಿಸಿ, "ಯತ್ತಪ್ಪ, ಇದು ನಿಂದೇನಯ್ಯಾ?" ಎಂದರು.

ಹೂಂ ಅಂದರೆ ಮುಗಿಯಿತು! ಗೋವಿಂದಯ್ಯ ಪಕ್ಕದಲ್ಲಿ ಕತ್ತು ಅಲ್ಲಾಡಿಸಿ ಅಲ್ಲಾಡಿಸಿ ಸನ್ನೆ ಮಾಡಿದ. ಯತ್ತಪ್ಪ ಪುಟ ನೋಡಿದ. ತನ್ನ ಬೆರಳು ನೋಡಿಕೊಂಡ. ಮತ್ತೆ ಪುಟ ನೋಡಿದ. ಅಷ್ಟು ಚೆಂದದ ಗೆರೆಗಳು ಯಾರವೋ ಎಳೆಯ ಹುಡುಗನವಿರಬೇಕು.

"ಗೊತ್ತಿಲ್ಲ ಸ್ವಾಮಿ" ಎಂದ. "ನಂದಲ್ಲ ಅನ್ಸತೈತೆ."

ಗೋವಿಂದಯ್ಯ ಹಣೆ ಹಣೆ ಚಚ್ಚಿಕೊಂಡ. ಗೋಡೆಯ ಗಡಿಯಾರ ಐದು ಹೊಡೆಯಲು ಇನ್ನೆರಡು ನಿಮಿಷ. ಶಿವಕುಮಾರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮನೆ ಇದ್ದದ್ದು ಮೇಲಿನ ಕೇರಿಯಲ್ಲಿ. ಹದಿನೆಂಟು ದಿನವೂ ಆರು ಗಂಟೆಗೆ ಸರಿಯಾಗಿ ಅವರ ಬಚ್ಚಲಿಗೆ ನೀರು ಬಿದ್ದಿತ್ತು.

"ಮೇಲಿನ ಕೇರಿಗೆ ಎಷ್ಟು ಸುತ್ತು?" ಎಂದು ಕೇಳಿದರು.

ಆ ದಿನವೆಲ್ಲದರಲ್ಲಿ ಯತ್ತಪ್ಪನಿಗೆ ಅರ್ಥವಾದ ಪ್ರಶ್ನೆ ಅದೊಂದೇ. "ಇಪ್ಪತ್ತಾರು ಸ್ವಾಮಿ. ಕೊನೇ ಎರಡು ಬಿಗಿ ಅವೆ. ಎಣ್ಣೆ ಬಿಟ್ರೂ ಬಗ್ಗಲ್ಲ, ಮೈ ಹಾಕಿ ಸುತ್ತಬೇಕು. ಸುತ್ತಲಿಲ್ಲ ಅಂದ್ರೆ ನಿಮ್ಮ ಸಾಲಿಗೆ ನೀರು ಹತ್ತಲ್ಲ."

ಶಿವಕುಮಾರಪ್ಪ ಕನ್ನಡಕ ಹಾಕಿಕೊಂಡು ಪೆನ್ನು ತೆಗೆದರು. ಮಸಿಯ ಕಲೆಯ ಪಕ್ಕದಲ್ಲಿ, "ಈತನ ಬೆರಳ ಗೆರೆಗಳು ಸೇವೆಯಲ್ಲಿ ಸವೆದಿವೆ. ಈತನನ್ನು ನಾನು ಬಲ್ಲೆ" ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ ಮೊಹರು ಗುದ್ದಿದರು. ಜವಾನರ ಅರ್ಜಿಯ ಮೇಲೆ ಮ್ಯಾನೇಜರ್ ಸಹಿ ಬಿದ್ದೇ ಬಿತ್ತು. ಆಮೇಲೆ ಗಂಟೆ ಹೊಡೆಯಿತು.

ಮುಂದಿನದು ಒಂದೆರಡು ಮಾತು. ಅರ್ಜಿ ಮೇಲಕ್ಕೆ ಹೋಯಿತು, ಜನವರಿಯಲ್ಲಿ ಠರಾವು ವಾಪಸಾಯಿತು. ಯತ್ತಪ್ಪ ಪಿಂಚಣಿಯೊಂದಿಗೇ ನಿವೃತ್ತನಾದ, ನಾಗಕ್ಕನ ಚೀಟಿಯೂ ಉಳಿಯಿತು. ಆದರೆ ಆ ಶುಕ್ರವಾರ ಸಂಜೆ ಇದೊಂದೂ ಅವನಿಗೆ ಗೊತ್ತಿರಲಿಲ್ಲ. ಮ್ಯಾನೇಜರು ಬರೆದದ್ದನ್ನು ಗೋವಿಂದಯ್ಯ ಓದಿ ಹೇಳಿದ್ದ. ಸವೆದಿವೆ ಅಂದರೆ ಬೈದದ್ದೋ ಹೊಗಳಿದ್ದೋ ತಿಳಿಯದೆ ಆಸ್ಪತ್ರೆಗೆ ಬಂದ.

"ಒತ್ತಿದ್ಯಾ?" ಎಂದಳು ನಾಗಕ್ಕ.

"ಒತ್ತಿದೆ. ಬರೀ ಮಸಿ ಬಿತ್ತು. ಮೊದ್ಲಿಂದು ತೋರಿಸಿ ಇದು ನಿಂದಾ ಅಂದ್ರು. ನಂದಲ್ಲ ಅಂದೆ."

"ಅಯ್ಯೋ ನಿನ್ನ! ಯಾಕಂಗಂದೆ?"

"ಅಷ್ಟು ಗೆರೆ ಇದ್ವು ಅದ್ರಾಗೆ."

ನಾಗಕ್ಕ ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ಅವನ ಎಡಗೈ ಎಳೆದುಕೊಂಡು ಸೆರಗಿನ ತುದಿಯಿಂದ ಹೆಬ್ಬೆಟ್ಟಿನ ಮಸಿ ಒರೆಸಿದಳು. ಒಂದೇ ಸಲಕ್ಕೆ ಎಲ್ಲಾ ಹೋಯಿತು. ಸಾಬೂನು ಬೇಡ, ಉಗುಳು ಬೇಡ, ಕಪ್ಪು ಕೂತುಕೊಳ್ಳಲು ಒಂದು ಗೆರೆಯಾದರೂ ಇರಬೇಕಲ್ಲ. ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಸದ್ದಿಲ್ಲದೆ ಅತ್ತಳು.

ಯತ್ತಪ್ಪನಿಗೆ ಈಗಂತೂ ಏನೂ ತಿಳಿಯಲಿಲ್ಲ. "ಒತ್ತಿ ಬಂದೆ ಅಂತ ಹೇಳಿದ್ನಲ್ಲ, ಇನ್ಯಾಕೆ ಅಳ್ತೀಯ?" ಎಂದ. ಅವಳು ಬೆರಳು ಬಿಡಲಿಲ್ಲ. ಹೊರಗೆ ಹೊತ್ತು ಇಳಿಯುತ್ತಿತ್ತು, ಸಂಜೆಯ ನೀರು ಬಿಡಬೇಕಿತ್ತು. ಆದರೂ ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಎದ್ದು ಹೋಗದೆ ಅಲ್ಲೇ ಕೂತ. ಆ ಸಂಜೆ ಪೇಟೆ ಬೀದಿಗೆ ನೀರು ಅರ್ಧ ಗಂಟೆ ತಡವಾಗಿ ಬಂತು.